ಮೋಟಾರು ಸೈಕಲ್‌ಗಳಿಗೆ ಹೈವೇ ಫುಟ್‌ರೆಸ್ಟ್ ಅಳವಡಿಕೆ ಮತ್ತು ತಿರುವುಗಳಲ್ಲಿ ಸುರಕ್ಷತೆ

(ದ್ವಿಚಕ್ರ ವಾಹನ ಮಾಲೀಕರ ಹಾಗೂ ಸವಾರರ ಮಾಹಿತಿಗಾಗಿ)

ದೂರದ ಪ್ರಯಾಣ ಕೈಗೊಳ್ಳುವ ಮೋಟಾರು ಸೈಕಲ್ ಸವಾರರು ತಮ್ಮ ವಾಹನದ ಮುಂಭಾಗದಲ್ಲಿರುವ ಲೆಗ್ ಗಾರ್ಡಿಗೆ ಹೆಚ್ಚುವರಿಯಾಗಿ ಒಂದು ಜೊತೆ ಫುಟ್‌ರೆಸ್ಟ್‌ಗಳನ್ನು ಅಳವಡಿಸಿಕೊಳ್ಳುವ ರೂಢಿಯಿದೆ. ಬಿಡಿಭಾಗಗಳ ಅಂಗಡಿಗಳಲ್ಲಿ ಇವುಗಳನ್ನು ಹೈವೇ ಫುಟ್‌ರೆಸ್ಟ್ ಅಥವಾ ಹೈವೇ ಪೆಗ್ ಎಂದು ಕರೆಯಲಾಗುತ್ತದೆ. ನೋಂದಣಿ ನವೀಕರಣ, ಮಾಲೀಕತ್ವ ವರ್ಗಾವಣೆ, ಹೊರ ರಾಜ್ಯದ ವಾಹನಗಳ ಮರು ನೋಂದಣಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಮಾಲೀಕರಲ್ಲಿ ಈ ಬಗ್ಗೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಉದ್ಭವಿಸುತ್ತವೆ. ಇಂತಹ ಅಳವಡಿಕೆಗೆ ಕಾನೂನಿನಲ್ಲಿ ಅವಕಾಶವಿದೆಯೇ ಎಂಬುದು ಮೊದಲನೆಯದು. ಇದರಿಂದ ಸವಾರಿಗೆ ತೊಂದರೆಯಿದೆಯೇ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆಯಾದರೂ ಸವಾರನ ಕಾಲು ಮತ್ತು ಪ್ರಾಣದ ದೃಷ್ಟಿಯಿಂದ ಅದೇ ದೊಡ್ಡದು. ಆದ್ದರಿಂದ ಎರಡೂ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹೈವೇ ಫುಟ್‌ರೆಸ್ಟ್ ಎಂದರೇನು

ಪ್ರತಿಯೊಂದು ಮೋಟಾರು ಸೈಕಲ್‌ನಲ್ಲಿ ಸವಾರನ ಪಾದಗಳಿಗಾಗಿ ತಯಾರಕರೇ ಎರಡು ಫುಟ್‌ರೆಸ್ಟ್‌ಗಳನ್ನು ನೀಡಿರುತ್ತಾರೆ. ಬಲ ಪಾದದ ಮುಂದೆ ಹಿಂಬದಿ ಬ್ರೇಕಿನ ಪೆಡಲ್, ಎಡ ಪಾದದ ಮುಂದೆ ಗೇರ್ ಲಿವರ್ ಇರುತ್ತದೆ. ಪಾದವನ್ನು ಫುಟ್‌ರೆಸ್ಟ್‌ನಿಂದ ಎತ್ತದೆ, ಕೇವಲ ಮುಂಗಾಲನ್ನು ಅಲುಗಿಸಿ ಇವೆರಡನ್ನೂ ನಿರ್ವಹಿಸಲು ಸಾಧ್ಯವಾಗುವಂತೆ ಅಳತೆಗಳನ್ನು ನಿಗದಿಪಡಿಸಲಾಗಿರುತ್ತದೆ.

ಹೈವೇ ಫುಟ್‌ರೆಸ್ಟ್ ಇದಕ್ಕಿಂತ ಸಾಕಷ್ಟು ಮುಂದೆ, ಎಂಜಿನ್ನಿನ ಮುಂಭಾಗದ ಲೆಗ್ ಗಾರ್ಡಿನ ಕೊಳವೆಗೆ ಕ್ಲ್ಯಾಂಪಿನ ಮೂಲಕ ಜೋಡಣೆಯಾಗುತ್ತದೆ. ನೇರವಾದ, ಉದ್ದವಾದ ಹೆದ್ದಾರಿಗಳಿರುವ ಅಮೆರಿಕದಲ್ಲಿ ಕ್ರೂಸರ್ ಮಾದರಿಯ ಭಾರೀ ಮೋಟಾರು ಸೈಕಲ್‌ಗಳೊಂದಿಗೆ ಈ ಪದ್ಧತಿ ಬೆಳೆಯಿತು. ಗಂಟೆಗಟ್ಟಲೆ ಮೊಣಕಾಲು ಮಡಚಿಕೊಂಡೇ ಕುಳಿತಿರುವ ಸವಾರನು ಸ್ವಲ್ಪ ಹೊತ್ತು ಕಾಲು ಚಾಚಿ, ರಕ್ತಸಂಚಾರಕ್ಕೆ ಅನುವು ಮಾಡಿಕೊಂಡು, ಮತ್ತೆ ಯಥಾಸ್ಥಾನಕ್ಕೆ ಕಾಲನ್ನು ತರುವುದಕ್ಕಾಗಿ ಇದನ್ನು ರೂಪಿಸಲಾಗಿದೆ. ಉದ್ದ ಕಾಲಿನವರಿಗೆ ಹಾಗೂ ಮೊಣಕಾಲು ನೋವಿರುವವರಿಗೆ ಇದರಿಂದ ನಿಜವಾದ ಉಪಯೋಗವುಂಟು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಇದು ವಿಶ್ರಾಂತಿಗಾಗಿ ಇರುವ ಸಾಧನವೇ ಹೊರತು ಸವಾರಿ ಮಾಡಲು ಇರುವ ಸ್ಥಾನವಲ್ಲ.

ನಮ್ಮ ರಾಜ್ಯದ ಸವಾರರು ಇನ್ನೊಂದು ಅಂಶವನ್ನು ಗಮನಿಸಬೇಕು. ಇಂತಹ ಫುಟ್‌ರೆಸ್ಟ್‌ಗೆ ಹೇಳಿ ಮಾಡಿಸಿದಂತಿರುವ ಬೆಂಗಳೂರು-ಮೈಸೂರು ಪ್ರವೇಶ ನಿಯಂತ್ರಿತ ಹೆದ್ದಾರಿಯ ಮುಖ್ಯ ಪಥದಲ್ಲಿ ದಿನಾಂಕ 1-8-2023 ರಿಂದ ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ. ದ್ವಿಚಕ್ರ ವಾಹನಗಳು ಪಕ್ಕದ ಸರ್ವೀಸ್ ರಸ್ತೆಯಲ್ಲಿ ಸಾಗಬೇಕು. ಅಲ್ಲಿ ಊರುಗಳ ಅಡ್ಡರಸ್ತೆ, ರಸ್ತೆ ಉಬ್ಬು, ಎತ್ತಿನಗಾಡಿ, ಟ್ರ್ಯಾಕ್ಟರ್, ರಸ್ತೆ ದಾಟುವ ಶಾಲಾ ಮಕ್ಕಳು ಎಲ್ಲವೂ ಎದುರಾಗುತ್ತವೆ. ಅಂತಹ ರಸ್ತೆಯಲ್ಲಿ ಪಾದವು ಬ್ರೇಕಿನಿಂದ ದೂರವಿರುವುದಕ್ಕೆ ಅವಕಾಶವೇ ಇಲ್ಲ.

ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಅನ್ವಯ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವ ರೀತಿಯಲ್ಲಿ ಯಾವುದೇ ಮಾಲೀಕರು ವಾಹನವನ್ನು ಮಾರ್ಪಾಡು ಮಾಡತಕ್ಕದ್ದಲ್ಲ. ಅದೇ ಕಲಂನ ವಿವರಣೆಯಲ್ಲಿ, ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಾಯಿಸುವಂತಹ ರಚನಾತ್ಮಕ ಬದಲಾವಣೆ ಎಂದು ಹೇಳಲಾಗಿದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂಬುದನ್ನು ಸನ್ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳ ರಾಜ್ಯದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಎತ್ತಿಹಿಡಿದಿದೆ.

2019ರ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿಸಲಾದ ಕಲಂ 182ಎ(4)ರ ಪ್ರಕಾರ, ಬಿಡಿಭಾಗಗಳನ್ನು ನಂತರ ಜೋಡಿಸುವುದೂ ಸೇರಿದಂತೆ, ಕಾಯ್ದೆ ಅಥವಾ ನಿಯಮಗಳಲ್ಲಿ ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಾಡು ಮಾಡುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಪ್ರತಿಯೊಂದು ಮಾರ್ಪಾಡಿಗೆ ಎಂಬ ಪದಗಳನ್ನು ಮಾಲೀಕರು ವಿಶೇಷವಾಗಿ ಗಮನಿಸುವುದು. ಸೈಲೆನ್ಸರ್, ಹ್ಯಾಂಡಲ್, ಫುಟ್‌ರೆಸ್ಟ್ ಎಂದು ಒಂದೊಂದಾಗಿ ಬದಲಾಯಿಸುತ್ತಾ ಹೋದವರಿಗೆ ದಂಡದ ಲೆಕ್ಕವೂ ಒಂದೊಂದಾಗಿಯೇ ಕೂಡಿಕೊಳ್ಳಬಹುದು.

ಮೇಲಿನ ಅವಕಾಶಗಳನ್ನು ಒಟ್ಟಿಗೆ ಓದಿದಾಗ ಮೂರು ಬಗೆಯ ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ವಾಹನದ ತಯಾರಕರೇ ಆ ಮಾದರಿಗೆಂದು ನೀಡುವ, ಯಾವುದೇ ಭಾಗವನ್ನು ಕತ್ತರಿಸದೆ, ರಂಧ್ರ ಕೊರೆಯದೆ, ವೆಲ್ಡ್ ಮಾಡದೆ ಜೋಡಿಸಿ ತೆಗೆಯಬಹುದಾದ ಫುಟ್‌ರೆಸ್ಟ್ ನೋಂದಣಿ ಪ್ರಮಾಣಪತ್ರದ ಯಾವುದೇ ವಿವರವನ್ನು ಬದಲಿಸುವುದಿಲ್ಲ. ಎರಡನೆಯದು, ಚಾಸಿಸ್‌ಗೆ ವೆಲ್ಡ್ ಮಾಡಿ ಅಥವಾ ರಂಧ್ರ ಕೊರೆದು ಜೋಡಿಸುವ ಪದ್ಧತಿ. ಇದು ವಾಹನದ ರಚನೆಯನ್ನೇ ಮುಟ್ಟುವುದರಿಂದ ಎಷ್ಟು ಮಾತ್ರಕ್ಕೂ ಮಾಡತಕ್ಕದ್ದಲ್ಲ. ಮೂರನೆಯದು, ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್‌ಗಳನ್ನೇ ಮುಂದಕ್ಕೆ ಸ್ಥಳಾಂತರಿಸುವ ಜೋಡಣೆ. ಕೆಲವರು ಇದನ್ನೂ ಹೈವೇ ಫುಟ್‌ರೆಸ್ಟ್ ಎಂದೇ ಕರೆಯುವುದುಂಟು. ಇದು ಬ್ರೇಕ್ ವ್ಯವಸ್ಥೆಯ ಬದಲಾವಣೆಯಾಗಿದ್ದು, ಸ್ಥಳೀಯ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳುವ ವಿಷಯವಲ್ಲ. ದೈಹಿಕ ಕಾರಣದಿಂದ ನಿಯಂತ್ರಣಗಳ ಸ್ಥಳ ಬದಲಾವಣೆ ಅವಶ್ಯಕವಿರುವವರು ಕೆಲಸ ಮಾಡಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ಮಾಡಿಸಿದ ನಂತರ ಅನುಮತಿ ಕೇಳುವುದರಿಂದ ಹಣವೂ ಶ್ರಮವೂ ಎರಡು ಪಟ್ಟಾಗುತ್ತವೆ.

ಇದಲ್ಲದೆ, ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 123ರ ಅನ್ವಯ ಪ್ರತಿ ಮೋಟಾರು ಸೈಕಲ್‌ನಲ್ಲಿ ಶಾಶ್ವತ ಕೈಹಿಡಿಕೆ, ಫುಟ್‌ರೆಸ್ಟ್ ಹಾಗೂ ಹಿಂಬದಿ ಸವಾರರ ಉಡುಪು ಚಕ್ರಕ್ಕೆ ಸಿಲುಕದಂತೆ ಹಿಂಬದಿ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಕ ಇರಬೇಕು. ಮುಂದೆ ಹೊಸ ಫುಟ್‌ರೆಸ್ಟ್ ಇದೆಯೆಂದು ಮೂಲ ಫುಟ್‌ರೆಸ್ಟ್ ಅನ್ನು ತೆಗೆಸುವುದಾಗಲಿ, ಅಂದಕ್ಕಾಗಿ ಸೀರೆ ಗಾರ್ಡ್ ತೆಗೆಸುವುದಾಗಲಿ ಸಲ್ಲದು.

ಪಾದ ಮುಂದಿದ್ದಾಗ ಬ್ರೇಕಿಗೆ ತಗಲುವ ಸಮಯ

2018ರ ಕೇಂದ್ರ ಸರ್ಕಾರದ ಅಧಿಸೂಚನೆಯನ್ವಯ ನಾಲ್ಕು ಪಥಗಳ ವಿಭಜಿತ ರಸ್ತೆಯಲ್ಲಿ ಮೋಟಾರು ಸೈಕಲ್‌ಗಳಿಗೆ ಗರಿಷ್ಠ ವೇಗಮಿತಿ ಗಂಟೆಗೆ 80 ಕಿ.ಮೀ. ಆಗಿದೆ. ಈ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಮುಂದಿನ ಫುಟ್‌ರೆಸ್ಟ್ ಮೇಲಿರುವ ಬಲ ಪಾದವನ್ನು ಎತ್ತಿ, ಹಿಂದಕ್ಕೆ ತಂದು, ಬ್ರೇಕ್ ಪೆಡಲನ್ನು ಹುಡುಕಿ ಒತ್ತಲು ಕೇವಲ ಅರ್ಧ ಸೆಕೆಂಡು ಹೆಚ್ಚು ಬೇಕಾಗುತ್ತದೆಂದು ಇಟ್ಟುಕೊಂಡರೂ, ಹಿಂಬದಿ ಬ್ರೇಕ್ ಹಿಡಿಯುವ ಮೊದಲೇ ವಾಹನ 11 ಮೀಟರ್ ಮುಂದೆ ಹೋಗಿರುತ್ತದೆ. ಇದು ಹೆಚ್ಚುಕಡಿಮೆ ಒಂದು ದೊಡ್ಡ ಬಸ್ಸಿನ ಉದ್ದ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಈ ಅಂತರ ಸುಮಾರು 8 ಮೀಟರ್.

ಮುಂಬದಿ ಬ್ರೇಕ್ ಕೈಯಲ್ಲೇ ಇರುವುದರಿಂದ ಚಿಂತೆಯಿಲ್ಲ ಎಂದು ವಾದಿಸುವವರಿದ್ದಾರೆ. ಒಣಗಿದ ನೇರ ರಸ್ತೆಯಲ್ಲಿ ಮುಂಬದಿ ಬ್ರೇಕೇ ಹೆಚ್ಚಿನ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಜಲ್ಲಿ ಚೆಲ್ಲಿದ ಅಂಚು, ಮಳೆಗಾಲದ ಕೆಸರು, ಕಣ ಮಾಡಲು ರಸ್ತೆಯ ಮೇಲೆ ಹರಡಿದ ರಾಗಿ ಹುಲ್ಲು ಇವುಗಳ ಮೇಲೆ ಮುಂಬದಿ ಬ್ರೇಕೊಂದನ್ನೇ ಒತ್ತಿದವರು ಉರುಳಿ ಬೀಳುವ ಸಂಭವವೇ ಹೆಚ್ಚು. ಅಲ್ಲದೆ 125 ಸಿ.ಸಿ. ವರೆಗಿನ ವಾಹನಗಳಲ್ಲಿ ಸಾಮಾನ್ಯವಾಗಿರುವ ಸಂಯೋಜಿತ ಬ್ರೇಕ್ ವ್ಯವಸ್ಥೆಯು ಮೋಟಾರು ಸೈಕಲ್‌ಗಳಲ್ಲಿ ಕಾಲಿನ ಪೆಡಲ್ ಒತ್ತಿದಾಗ ಎರಡೂ ಚಕ್ರಗಳಿಗೆ ಬ್ರೇಕ್ ಹಾಕುವಂತಹುದು. ಪಾದ ಪೆಡಲಿನಿಂದ ದೂರವಿದ್ದರೆ ಆ ಸೌಲಭ್ಯವೇ ನಿಷ್ಪ್ರಯೋಜಕವಾಗುತ್ತದೆ. ಘಟ್ಟ ಇಳಿಯುವಾಗ ಎಂಜಿನ್ನಿನ ಹಿಡಿತಕ್ಕಾಗಿ ಗೇರ್ ಇಳಿಸಬೇಕಾದ ಎಡ ಪಾದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕಾಲು ಚಾಚಿದಾಗ ಸವಾರನ ಮೈಭಾರವೆಲ್ಲ ಬೆನ್ನಿನ ಕೆಳತುದಿಯ ಮೇಲೆ ಬೀಳುತ್ತದೆ. ಗುಂಡಿ ಅಥವಾ ಉಬ್ಬು ಬಂದಾಗ ಫುಟ್‌ರೆಸ್ಟ್ ಮೇಲೆ ಕಾಲೂರಿ ಸ್ವಲ್ಪ ಏಳುವುದಾಗಲಿ, ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ ಹಿಡಿಯುವುದಾಗಲಿ ಸಾಧ್ಯವಾಗುವುದಿಲ್ಲ. ಆಗ ಸವಾರನು ಹ್ಯಾಂಡಲನ್ನೇ ಆಧಾರವಾಗಿ ಹಿಡಿದೆಳೆಯುತ್ತಾನೆ, ವಾಹನ ಅತ್ತಿತ್ತ ಓಲಾಡುತ್ತದೆ.

ತಿರುವಿನಲ್ಲಿ ವಾಲುವಿಕೆ ಮತ್ತು ನೆಲಕ್ಕೆ ತಗಲುವಿಕೆ

ಮೋಟಾರು ಸೈಕಲ್ ತಿರುವಿನಲ್ಲಿ ಒಳಭಾಗಕ್ಕೆ ವಾಲಿಯೇ ಸಾಗಬೇಕು. ವೇಗ ಹೆಚ್ಚಿದಷ್ಟೂ, ತಿರುವು ಬಿಗಿಯಾದಷ್ಟೂ ವಾಲುವ ಕೋನ ಹೆಚ್ಚುತ್ತದೆ. ಇದರಲ್ಲಿ ವೇಗದ ಪಾತ್ರ ದೊಡ್ಡದು. ಏಕೆಂದರೆ ಲೆಕ್ಕದಲ್ಲಿ ವೇಗದ ವರ್ಗ ಸೇರುತ್ತದೆ. 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 14 ಡಿಗ್ರಿ ವಾಲಿದರೆ ಸಾಕು. 50 ಕಿ.ಮೀ. ವೇಗದಲ್ಲಿ 21 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬೇಕು. 60 ಕಿ.ಮೀ. ವೇಗದಲ್ಲಿ ಸುಮಾರು 30 ಡಿಗ್ರಿ ಬೇಕಾಗುತ್ತದೆ. ಅಂದರೆ ವೇಗ ಒಂದೂವರೆ ಪಟ್ಟಾದರೆ ವಾಲುವಿಕೆ ಎರಡು ಪಟ್ಟನ್ನೂ ಮೀರುತ್ತದೆ. ಟೈರಿನ ಅಗಲದಿಂದಾಗಿ ವಾಸ್ತವದಲ್ಲಿ ಇನ್ನೂ ಕೆಲವು ಡಿಗ್ರಿ ಹೆಚ್ಚೇ ಬೇಕಾಗಬಹುದು.

15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಿನಲ್ಲಿ 20 ಕಿ.ಮೀ. ವೇಗಕ್ಕೆ 12 ಡಿಗ್ರಿ, 30 ಕಿ.ಮೀ. ವೇಗಕ್ಕೆ 25 ಡಿಗ್ರಿ, 40 ಕಿ.ಮೀ. ವೇಗಕ್ಕೆ 40 ಡಿಗ್ರಿ ಬೇಕಾಗುತ್ತದೆ. ತೀರ್ಥಹಳ್ಳಿ-ಉಡುಪಿ ಮಾರ್ಗದ ಆಗುಂಬೆ ಘಟ್ಟದಲ್ಲಿ, ಮೂಡಿಗೆರೆಯಿಂದ ಮಂಗಳೂರಿಗೆ ಇಳಿಯುವ ಚಾರ್ಮಾಡಿ ಘಟ್ಟದಲ್ಲಿ ಸಾಗುವವರಿಗೆ ಇಂತಹ ಬಿಗಿಯಾದ ತಿರುವುಗಳು ಒಂದರ ಹಿಂದೊಂದು ಎದುರಾಗುತ್ತವೆ. ಅಲ್ಲಿ ಕೇವಲ 10 ಕಿ.ಮೀ. ವೇಗದ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಈ ಅಂಕಿಗಳಿಂದ ವ್ಯಕ್ತವಾಗುತ್ತದೆ.

ಇನ್ನು ವಾಹನ ಎಷ್ಟು ವಾಲಬಲ್ಲದು ಎಂಬ ಪ್ರಶ್ನೆ. ವಾಲಿದಾಗ ಮೊದಲು ನೆಲಕ್ಕೆ ತಗಲುವ ಭಾಗವೇ ಅದರ ಮಿತಿಯನ್ನು ನಿರ್ಧರಿಸುತ್ತದೆ. ಒಂದು ವಸ್ತು ಎಷ್ಟು ಎತ್ತರದಲ್ಲಿದೆ ಮತ್ತು ವಾಹನದ ಮಧ್ಯರೇಖೆಯಿಂದ ಎಷ್ಟು ಹೊರಗೆ ಚಾಚಿದೆ ಎಂಬ ಎರಡು ಅಳತೆಗಳಿಂದ ಈ ಮಿತಿ ತಿಳಿಯುತ್ತದೆ. ತಯಾರಕರ ಫುಟ್‌ರೆಸ್ಟ್‌ನ ತುದಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದ್ದು ಮಧ್ಯದಿಂದ 40 ಸೆಂ.ಮೀ. ಹೊರಗಿದ್ದರೆ ಅದು ಸುಮಾರು 37 ಡಿಗ್ರಿಯಲ್ಲಿ ನೆಲಕ್ಕೆ ತಗಲುತ್ತದೆ. ಅದೇ ವಾಹನದ ಲೆಗ್ ಗಾರ್ಡಿಗೆ ಹೈವೇ ಫುಟ್‌ರೆಸ್ಟ್ ಜೋಡಿಸಿ, ಅದರ ತುದಿ 25 ಸೆಂ.ಮೀ. ಎತ್ತರದಲ್ಲಿ 45 ಸೆಂ.ಮೀ. ಹೊರಗೆ ಬಂದರೆ ಮಿತಿ 29 ಡಿಗ್ರಿಗೆ ಇಳಿಯುತ್ತದೆ. ಹಿಂಬದಿ ಸವಾರರು ಮತ್ತು ಸಾಮಾನಿನ ಭಾರದಿಂದ, ತಿರುವಿನ ಒತ್ತಡದಿಂದ ಸಸ್ಪೆನ್ಶನ್ 5 ಸೆಂ.ಮೀ. ಕುಗ್ಗಿದರೆ ಅದು 24 ಡಿಗ್ರಿಯಾಗುತ್ತದೆ. ಇವು ಉದಾಹರಣೆಯ ಅಳತೆಗಳು. ಪ್ರತಿ ವಾಹನದ ಅಳತೆ ಬೇರೆಯಿರುತ್ತದೆ. ಆದರೂ ಮೇಲೆ ಹೇಳಿದ 50 ಮೀಟರ್ ತಿರುವಿನಲ್ಲಿ 60 ಕಿ.ಮೀ. ವೇಗಕ್ಕೆ ಸುಮಾರು 30 ಡಿಗ್ರಿ ಬೇಕು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು. ಫುಟ್‌ರೆಸ್ಟ್ ಜೋಡಿಸುವ ಮುನ್ನ ನಿರಾತಂಕವಾಗಿ ಸಾಗುತ್ತಿದ್ದ ಅದೇ ಸವಾರ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದ ದಿನ ಲೋಹ ನೆಲಕ್ಕೆ ತಗಲುತ್ತದೆ. ಅವನು ಬೇರೆ ಏನನ್ನೂ ಬದಲಿಸಿರುವುದಿಲ್ಲ.

ತಗಲಿದರೆ ಏನಾಗುತ್ತದೆ ಎಂಬುದು ಫುಟ್‌ರೆಸ್ಟ್‌ನ ರಚನೆಯನ್ನು ಅವಲಂಬಿಸಿದೆ. ತಯಾರಕರ ಫುಟ್‌ರೆಸ್ಟ್ ಸಾಮಾನ್ಯವಾಗಿ ಕೀಲಿನ ಮೇಲಿದ್ದು, ನೆಲಕ್ಕೆ ಉಜ್ಜಿದಾಗ ಮೇಲಕ್ಕೂ ಹಿಂದಕ್ಕೂ ಮಡಚಿಕೊಳ್ಳುತ್ತದೆ. ಕೆಲವು ಮೋಟಾರು ಸೈಕಲ್‌ಗಳಲ್ಲಿ ಅದರ ಅಡಿಯಲ್ಲಿ ಒಂದು ಸಣ್ಣ ಬೋಲ್ಟ್ ನೇತಾಡಿದಂತಿರುತ್ತದೆ. ಅದು ಮೊದಲು ಉಜ್ಜಿ ಶಬ್ದ ಮಾಡಿ, ಇನ್ನು ವಾಲಿಸಬೇಡಿ ಎಂದು ಸವಾರನನ್ನು ಎಚ್ಚರಿಸುವುದಕ್ಕೆ ಇರುವಂತಹುದು. ಅದನ್ನು ನಿರುಪಯೋಗಿ ಎಂದು ಬಿಚ್ಚಿ ಎಸೆಯಬಾರದು. ಆದರೆ ಮಡಚಿಕೊಳ್ಳದ ಗಟ್ಟಿ ಕೊಳವೆಯಂತಹ ಹೈವೇ ಫುಟ್‌ರೆಸ್ಟ್ ನೆಲಕ್ಕೆ ತಗಲಿದಾಗ ವಾಹನದ ಭಾರವು ಟೈರಿನಿಂದ ಆ ಲೋಹದ ತುದಿಗೆ ವರ್ಗವಾಗುತ್ತದೆ. ಅದು ಸನ್ನೆಗೋಲಿನಂತೆ ವಾಹನವನ್ನೇ ಎತ್ತುತ್ತದೆ. ಫುಟ್‌ರೆಸ್ಟ್ ಮುಂಭಾಗದಲ್ಲಿರುವ ಕಾರಣ ಮುಖ್ಯವಾಗಿ ಮುಂಚಕ್ರದ ಮೇಲಿನ ಭಾರ ಕಡಿಮೆಯಾಗಿ, ಅದರ ಹಿಡಿತ ತಪ್ಪುತ್ತದೆ. ಮುಂಚಕ್ರ ಜಾರಿದ ಮೇಲೆ ಸರಿಪಡಿಸಿಕೊಳ್ಳಲು ಬಹುತೇಕ ಸವಾರರಿಗೆ ಸಮಯ ಸಿಗುವುದಿಲ್ಲ.

ಜಾರದಿದ್ದರೂ ಅಪಾಯ ತಪ್ಪಿತೆಂದಲ್ಲ. ಬೇಕಾದಷ್ಟು ವಾಲಲಾಗದ ವಾಹನ ತಿರುವಿನ ಹೊರಭಾಗಕ್ಕೆ ಸರಿಯುತ್ತದೆ. ರಸ್ತೆಯ ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ, ಎಡ ತಿರುವಿನಲ್ಲಿ ಹೊರಕ್ಕೆ ಸರಿಯುವುದೆಂದರೆ ಎದುರಿನಿಂದ ಬರುವ ವಾಹನದ ಪಥಕ್ಕೆ ನುಗ್ಗುವುದು. ಬಲ ತಿರುವಿನಲ್ಲಿ ಹೊರಕ್ಕೆ ಸರಿಯುವುದೆಂದರೆ ರಸ್ತೆಯ ಅಂಚು, ತಡೆಗೋಡೆ ಅಥವಾ ಕಂದಕದ ಕಡೆಗೆ ಹೋಗುವುದು. ಈ ಹಂತದಲ್ಲಿ ಸವಾರನ ಪಾದ ಇನ್ನೂ ಆ ಫುಟ್‌ರೆಸ್ಟ್ ಮೇಲೆಯೇ ಇದ್ದರೆ, ಅದು ನೆಲ ಮತ್ತು ಲೋಹದ ನಡುವೆ ಸಿಲುಕುತ್ತದೆ. ಪಾದದ ಮೂಳೆಗಳು ಚಿಕ್ಕವು, ಹಲವು. ಮುರಿದರೆ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗದು.

ಉಜ್ಜಿದ ಶಬ್ದ ಕೇಳಿದೊಡನೆ ಗಾಬರಿಯಿಂದ ಆಕ್ಸಿಲರೇಟರನ್ನು ಪೂರ್ತಿ ಬಿಡುವುದು ಅಥವಾ ಮುಂಬದಿ ಬ್ರೇಕ್ ಒತ್ತುವುದು ಸಹಜವಾದ ಪ್ರತಿಕ್ರಿಯೆ. ಆದರೆ ಹಾಗೆ ಮಾಡಿದಾಗ ಮುಂಭಾಗದ ಸಸ್ಪೆನ್ಶನ್ ಇನ್ನಷ್ಟು ಕುಗ್ಗಿ ಫುಟ್‌ರೆಸ್ಟ್ ಇನ್ನಷ್ಟು ಕೆಳಗಿಳಿಯುತ್ತದೆ. ಆಕ್ಸಿಲರೇಟರನ್ನು ಸ್ಥಿರವಾಗಿ ಹಿಡಿದು, ಸಾಗಬೇಕಾದ ದಿಕ್ಕಿನತ್ತ ನೋಟವಿಟ್ಟು, ದೇಹದ ಮೇಲ್ಭಾಗವನ್ನು ತಿರುವಿನ ಒಳಭಾಗಕ್ಕೆ ಬಾಗಿಸಿದರೆ ವಾಹನ ವಾಲಬೇಕಾದ ಕೋನ ಸ್ವಲ್ಪ ಕಡಿಮೆಯಾಗುತ್ತದೆ. ಇದೆಲ್ಲವೂ ಅನಿವಾರ್ಯ ಸಂದರ್ಭಕ್ಕೆ ಮಾತ್ರ. ತಿರುವು ಪ್ರವೇಶಿಸುವ ಮೊದಲೇ, ವಾಹನ ನೇರವಾಗಿರುವಾಗಲೇ ಬ್ರೇಕ್ ಹಾಕಿ ವೇಗ ತಗ್ಗಿಸಿ, ಗೇರ್ ಇಳಿಸಿಕೊಂಡಿರುವುದೇ ಸರಿಯಾದ ಕ್ರಮ. ಅದಕ್ಕೆ ಎರಡೂ ಪಾದಗಳು ಮೂಲ ಫುಟ್‌ರೆಸ್ಟ್ ಮೇಲೆ ಇರಲೇಬೇಕು. ಎ.ಬಿ.ಎಸ್. ಇದೆಯೆಂಬ ಭರವಸೆಯ ಮೇಲೆ ವಾಲಿದ ಸ್ಥಿತಿಯಲ್ಲಿ ಬಲವಾಗಿ ಬ್ರೇಕ್ ಹಾಕುವುದು ಸರಿಯಲ್ಲ. ಸಾಮಾನ್ಯ ಎ.ಬಿ.ಎಸ್. ನೇರ ಚಾಲನೆಯಲ್ಲಿ ಚಕ್ರ ಕಟ್ಟಿಕೊಳ್ಳದಂತೆ ತಡೆಯುತ್ತದೆ. ವಾಲುವ ಕೋನವನ್ನು ಅಳೆದು ಅದಕ್ಕೆ ತಕ್ಕಂತೆ ಕೆಲಸ ಮಾಡುವ ವ್ಯವಸ್ಥೆ ಕೆಲವೇ ದುಬಾರಿ ವಾಹನಗಳಲ್ಲಿದೆ.

ಅಳವಡಿಸುವಾಗ ನೋಡಬೇಕಾದ ಅಂಶಗಳು

ತಮ್ಮ ಮಾದರಿಗೆ ತಯಾರಕರೇ ಒದಗಿಸುವ ಫುಟ್‌ರೆಸ್ಟ್ ಇದ್ದಲ್ಲಿ ಅದನ್ನೇ ಆರಿಸಿಕೊಳ್ಳುವುದು ಸೂಕ್ತ. ಬೆಲೆ ಹೆಚ್ಚೆನಿಸಿದರೂ ಅಳತೆಯ ಹೊಂದಾಣಿಕೆಯ ಪ್ರಶ್ನೆ ಬರುವುದಿಲ್ಲ, ರಸೀದಿಯೂ ಇರುತ್ತದೆ. ಹೊರಗಿನಿಂದ ಕೊಳ್ಳುವುದಾದರೆ ಮೇಲಕ್ಕೂ ಹಿಂದಕ್ಕೂ ಮಡಚಿಕೊಳ್ಳುವ ಕೀಲು ಇರುವುದನ್ನೇ ಕೊಳ್ಳಬೇಕು. ಬರೀ ಮೇಲಕ್ಕೆ ಮಾತ್ರ ಮಡಚಿಕೊಳ್ಳುವುದು ಚಲಿಸುತ್ತಿರುವಾಗ ನೆಲಕ್ಕೆ ತಗಲಿದರೆ ಸರಿಯಾಗಿ ಮಡಚಿಕೊಳ್ಳದೆ ಸಿಕ್ಕಿಕೊಳ್ಳಬಹುದು. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಇದು ತಿಳಿಯುತ್ತದೆ.

ಲೆಗ್ ಗಾರ್ಡಿನ ಕೊಳವೆಯ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಅದೇ ವ್ಯಾಸದ ಕ್ಲ್ಯಾಂಪನ್ನು ಬಳಸಬೇಕು. 22 ಮಿ.ಮೀ. ಕೊಳವೆಗೆ 25 ಮಿ.ಮೀ. ಕ್ಲ್ಯಾಂಪ್ ಹಾಕಿ, ನಡುವೆ ಹಳೆಯ ಟ್ಯೂಬಿನ ರಬ್ಬರ್ ಸುತ್ತುವ ಪದ್ಧತಿ ಗ್ಯಾರೇಜುಗಳಲ್ಲಿ ಕಂಡುಬರುತ್ತದೆ. ಬಿಸಿಲಿಗೂ ಅಲುಗಾಟಕ್ಕೂ ರಬ್ಬರ್ ಸಡಿಲಗೊಂಡು, ಕಾಲಿನ ಭಾರ ಬಿದ್ದಾಗ ಕ್ಲ್ಯಾಂಪ್ ಒಮ್ಮೆಲೇ ಕೆಳಕ್ಕೆ ತಿರುಗುತ್ತದೆ. ನೇರ ರಸ್ತೆಯಲ್ಲಿಯೂ ಇದು ಪಾದವನ್ನು ನೆಲಕ್ಕೆ ಇಳಿಸಬಹುದು. ಲೆಗ್ ಗಾರ್ಡ್ ಸಹ ಗಟ್ಟಿಯಾದ ಆಧಾರಗಳಿಂದ ಎಂಜಿನ್ ಅಥವಾ ಚಾಸಿಸ್‌ಗೆ ಜೋಡಣೆಯಾಗಿರಬೇಕು. ತುಕ್ಕು ಹಿಡಿದ, ಹಿಂದೆ ಬಿದ್ದು ಬಾಗಿ ನೇರಮಾಡಿದ ಗಾರ್ಡಿಗೆ ಏನನ್ನೂ ಜೋಡಿಸಬಾರದು.

ಜೋಡಿಸಿದ ನಂತರ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಮುಂದಿನ ಸಸ್ಪೆನ್ಶನನ್ನು ಒತ್ತಿ, ಚಕ್ರವಾಗಲಿ ಮಡ್‌ಗಾರ್ಡ್ ಆಗಲಿ ಫುಟ್‌ರೆಸ್ಟ್‌ಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಫುಟ್‌ರೆಸ್ಟ್‌ನ ತುದಿ ಹ್ಯಾಂಡಲ್‌ನ ಅಗಲವನ್ನು ಮೀರಿ ಹೊರಚಾಚಬಾರದು. ಕಿರಿದಾದ ಪೇಟೆ ಬೀದಿಯಲ್ಲಿ ಪಾದಚಾರಿಯ ಕಾಲಿಗೆ ತಾಗುವುದು ಇಂತಹ ತುದಿಗಳೇ. ಮೂಲ ಫುಟ್‌ರೆಸ್ಟ್ ಮೇಲೆ ಪಾದವಿಟ್ಟಾಗ ಬ್ರೇಕ್ ಪೆಡಲ್ ಹಾಗೂ ಗೇರ್ ಲಿವರ್‌ನ ಪೂರ್ಣ ಚಲನೆಗೆ ಹೊಸ ಜೋಡಣೆ ಅಡ್ಡಬರಬಾರದು. ಮಳೆಗಾಲದ ಬೂಟು ಧರಿಸಿಯೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಮೊದಲ 100 ಕಿ.ಮೀ. ಸವಾರಿಯ ನಂತರ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ತರುವಾಯ ಪ್ರತಿ ಸರ್ವೀಸ್‌ನಲ್ಲಿಯೂ ನೋಡಿಸಬೇಕು.

ವಾಲುವ ಮಿತಿಯನ್ನು ಮನೆಯ ಅಂಗಳದಲ್ಲಿಯೇ ಅಳೆಯಬಹುದು. ಸಮತಟ್ಟಾದ ನೆಲದಲ್ಲಿ ವಾಹನವನ್ನು ನೇರವಾಗಿ ಹಿಡಿದು, ಸವಾರ ಹಾಗೂ ಹಿಂಬದಿ ಸವಾರ ಇಬ್ಬರೂ ಕುಳಿತು, ಮೂರನೆಯವರು ಫುಟ್‌ರೆಸ್ಟ್‌ನ ತುದಿಯ ಕೆಳ ಅಂಚಿನಿಂದ ನೆಲಕ್ಕಿರುವ ಎತ್ತರವನ್ನೂ, ಟೈರಿನ ಮಧ್ಯರೇಖೆಯಿಂದ ಆ ತುದಿಗಿರುವ ಅಡ್ಡ ದೂರವನ್ನೂ ಟೇಪಿನಿಂದ ಅಳೆಯಬೇಕು. ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 0.58 ಆಗಿದ್ದರೆ ಮಿತಿ 30 ಡಿಗ್ರಿ, 0.70 ಆಗಿದ್ದರೆ 35 ಡಿಗ್ರಿ, 0.47 ಆಗಿದ್ದರೆ 25 ಡಿಗ್ರಿ. ಇದೇ ಅಳತೆಯನ್ನು ಮೂಲ ಫುಟ್‌ರೆಸ್ಟ್‌ಗೂ ಮಾಡಬೇಕು. ಹೊಸದರ ಸಂಖ್ಯೆ ಮೂಲದ್ದಕ್ಕಿಂತ ಕಡಿಮೆ ಬಂದರೆ, ಅದನ್ನು ಗಾರ್ಡಿನ ಮೇಲ್ಭಾಗಕ್ಕೆ ಸರಿಸಬೇಕು ಅಥವಾ ಬಳಸದಿರುವಾಗ ಒಳಕ್ಕೆ ಮಡಚಿಡಬೇಕು. ಎರಡೂ ಆಗದಿದ್ದರೆ ಆ ಫುಟ್‌ರೆಸ್ಟ್ ಆ ವಾಹನಕ್ಕೆ ತಕ್ಕುದಲ್ಲ. ಲೆಗ್ ಗಾರ್ಡನ್ನೇ ಹೊರಗಿನಿಂದ ಹಾಕಿಸಿದ್ದರೆ ಅದರ ಅಳತೆಯನ್ನೂ ಇದೇ ರೀತಿ ನೋಡುವುದು. ಹಲವು ಸಂದರ್ಭಗಳಲ್ಲಿ ಮೊದಲು ತಗಲುವುದು ಫುಟ್‌ರೆಸ್ಟ್ ಅಲ್ಲ, ಅಗಲವಾದ ಗಾರ್ಡೇ ಆಗಿರುತ್ತದೆ.

ಬಳಸುವಾಗ

ನೇರವಾದ, ಮುಂದೆ ದೂರದವರೆಗೆ ಕಾಣುವ, ವಾಹನ ದಟ್ಟಣೆಯಿಲ್ಲದ ರಸ್ತೆಯಲ್ಲಿ ಮಾತ್ರ, ಸ್ವಲ್ಪ ಹೊತ್ತು ಕಾಲು ಚಾಚಬಹುದು. ಒಮ್ಮೆಗೆ ಒಂದೇ ಕಾಲನ್ನು ಚಾಚುವುದು, ಅದರಲ್ಲಿಯೂ ಬಲಗಾಲನ್ನು ಬ್ರೇಕಿನ ಬಳಿಯಲ್ಲಿಯೇ ಉಳಿಸಿಕೊಳ್ಳುವುದು ವಾಸಿ. ಊರು, ಅಡ್ಡರಸ್ತೆ, ತಿರುವಿನ ಫಲಕ, ಟೋಲ್, ಸೇತುವೆಯ ಜೋಡು ಕಂಡೊಡನೆ ಪಾದಗಳು ಮೂಲ ಸ್ಥಾನಕ್ಕೆ ಬರಬೇಕು. ಮಳೆ, ಮಂಜು, ರಾತ್ರಿ ಸವಾರಿ, ಘಟ್ಟ ಪ್ರದೇಶ ಇವುಗಳಲ್ಲಿ ಬಳಸಲೇಬಾರದು. ಘಟ್ಟದ ಬುಡದಲ್ಲಿಯೇ ನಿಲ್ಲಿಸಿ ಎರಡೂ ಫುಟ್‌ರೆಸ್ಟ್‌ಗಳನ್ನು ಮಡಚಿಟ್ಟು ಹೊರಡುವ ಅಭ್ಯಾಸವಿದ್ದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಫುಟ್‌ರೆಸ್ಟ್‌ಗೆ ಕೈಚೀಲ, ಹಾಲಿನ ಕ್ಯಾನು, ಹೆಲ್ಮೆಟ್ ಇತ್ಯಾದಿಗಳನ್ನು ನೇತುಹಾಕಬಾರದು. ಅವು ಮುಂಚಕ್ರದ ಪಕ್ಕದಲ್ಲಿಯೇ ತೂಗಾಡುತ್ತವೆ. ಕಾಲು ನೋಯುತ್ತಿದ್ದರೆ ರಸ್ತೆ ಬದಿಯಲ್ಲಿ ಇಳಿದು ಹತ್ತು ನಿಮಿಷ ನಡೆದಾಡುವುದು ಯಾವ ಫುಟ್‌ರೆಸ್ಟ್‌ಗಿಂತಲೂ ಉತ್ತಮವಾದ ಪರಿಹಾರ, ಅದಕ್ಕೆ ಖರ್ಚೂ ಇಲ್ಲ.

ಅರ್ಜಿದಾರರಿಗೆ ಸೂಚನೆಗಳು

ಸಾರಿಗೇತರ ಮೋಟಾರು ಸೈಕಲ್‌ನ ನೋಂದಣಿಯು 15 ವರ್ಷಗಳ ಅವಧಿಗೆ ಊರ್ಜಿತದಲ್ಲಿದ್ದು, ತದನಂತರ ನವೀಕರಣಕ್ಕೆ ಅರ್ಜಿ ಸಲ್ಲಿಸಿದಾಗ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಪರಿಶೀಲಿಸುತ್ತಾರೆ. ಪರಿಶೀಲನೆಗೆ ಹಾಜರುಪಡಿಸುವ ವಾಹನದಲ್ಲಿ ಮೂಲ ಫುಟ್‌ರೆಸ್ಟ್, ಸೀರೆ ಗಾರ್ಡ್, ಕೈಹಿಡಿಕೆ, ಕನ್ನಡಿಗಳು ಇರಬೇಕು. ಹೆಚ್ಚುವರಿ ಫುಟ್‌ರೆಸ್ಟ್ ಇದ್ದಲ್ಲಿ ಅದರ ಖರೀದಿ ರಸೀದಿ ಹಾಗೂ ಜೋಡಣೆಯ ಸೂಚನಾ ಪತ್ರವನ್ನು ಜೊತೆಯಲ್ಲಿ ತರುವುದು ಒಳಿತು. ಹಳೆಯ ವಾಹನವನ್ನು ಕೊಳ್ಳುವವರು ಹಿಂದಿನ ಮಾಲೀಕರು ಚಾಸಿಸ್‌ಗೆ ಏನನ್ನಾದರೂ ವೆಲ್ಡ್ ಮಾಡಿಸಿದ್ದಾರೆಯೇ ಎಂಬುದನ್ನು ವರ್ಗಾವಣೆಗೆ ಸಹಿ ಹಾಕುವ ಮುನ್ನವೇ ನೋಡಿಕೊಳ್ಳಬೇಕು. ವರ್ಗಾವಣೆಯ ನಂತರ ಉತ್ತರದಾಯಿತ್ವ ಹೊಸ ಮಾಲೀಕರ ಮೇಲೆ ಬರುತ್ತದೆ.

ಚಾಲನಾ ಪರೀಕ್ಷೆಗೆ ಹಾಜರಾಗುವ ಅಭ್ಯರ್ಥಿಗಳು ಪರೀಕ್ಷೆಯುದ್ದಕ್ಕೂ ಪಾದಗಳನ್ನು ಮೂಲ ಫುಟ್‌ರೆಸ್ಟ್ ಮೇಲೆಯೇ ಇಟ್ಟಿರಬೇಕು. ಸಾಧ್ಯವಾದಲ್ಲಿ ಹೆಚ್ಚುವರಿ ಫುಟ್‌ರೆಸ್ಟ್ ಇಲ್ಲದ ವಾಹನವನ್ನೇ ತರುವುದು.

ವಿಮೆಯ ಬಗ್ಗೆ ಒಂದು ಮಾತು. ವಾಹನಕ್ಕೆ ಹೆಚ್ಚುವರಿ ಸಾಧನ ಜೋಡಿಸಿದಲ್ಲಿ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ತಿಳಿಸದೆ ಮಾಡಿದ ಮಾರ್ಪಾಡಿನ ಕಾರಣ ನೀಡಿ ಸ್ವಂತ ವಾಹನದ ಹಾನಿಯ ಪರಿಹಾರದ ಬಗ್ಗೆ ತಕರಾರು ಬರಬಹುದು. ಹೆಚ್ಚುವರಿ ಸಾಧನಕ್ಕೆ ಪ್ರತ್ಯೇಕ ರಕ್ಷಣೆ ಬೇಕೆಂದರೆ ಅದಕ್ಕೆ ತಕ್ಕ ಪ್ರೀಮಿಯಂ ಪಾವತಿಸಬೇಕಾಗುತ್ತದೆ.

ತಾವು ಮಾಡಿಸಲಿಚ್ಛಿಸುವ ಅಳವಡಿಕೆಯು ಕಲಂ 52ರ ವ್ಯಾಪ್ತಿಗೆ ಬರುತ್ತದೆಯೇ ಎಂಬ ಸಂದೇಹವಿರುವ ಮಾಲೀಕರು, ಕೆಲಸ ಮಾಡಿಸುವ ಮೊದಲು, ನೋಂದಣಿ ಪ್ರಮಾಣಪತ್ರದ ಪ್ರತಿ ಮತ್ತು ಸಾಧನದ ವಿವರಗಳೊಂದಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.